ಒಂದು ಬಿಲ್ಲೆ, ಎರಡು ರಾತ್ರಿ: ಹೊಸ ಫಿಟ್ಟರ್‌ಗೆ ‘ಯಾಕೆ’ ಅಂತ ಕಲಿಸದೆ ಬಿಟ್ಟ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋದೇ ಸಲೀಸು ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಅಲ್ಲಲ್ಲಿ ತಡವರಿಸಿದ್ದನ್ನು ತಿದ್ದಿದ್ದೇನೆ, ಉಳಿದದ್ದು ಹಾಗೇ ಇದೆ.

ದೆಹಲಿ, ನೊಯ್ಡಾ ಕಡೆ ಇರುವ ನಮ್ಮವರು ಒಂದಲ್ಲ ಒಂದು ಸಲ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗಿ ಬಂದಿರುತ್ತೀರಿ. ಗಾಡಿ ಭೋಪಾಲ್ ಜಂಕ್ಷನ್‌ನಲ್ಲಿ ನಿಲ್ಲುತ್ತೆ. ಇಳಿದು ಒಂದು ಟೀ ಕುಡಿಯುತ್ತೇವೆ, ನೀರಿನ ಬಾಟ್ಲಿ ತಗೋತೇವೆ, ಸಿಗ್ನಲ್ ಬೀಳೋದರೊಳಗೆ ಹತ್ತಿ ಕೂರುತ್ತೇವೆ. ಆ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲೇ ಯೂನಿಯನ್ ಕಾರ್ಬೈಡ್ ಕಾರ್ಖಾನೆ ಇತ್ತು. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ನೇ ತಾರೀಕು ಶುರುವಾದ ಹೊತ್ತಿಗೆ ಅಲ್ಲಿಂದ ಹೊರಟ ವಿಷದ ಗಾಳಿ ಈ ಪ್ಲಾಟ್‌ಫಾರ್ಮ್‌ವರೆಗೂ ಬಂದಿತ್ತು.

ಭೋಪಾಲ್ ಅಂದ ಕೂಡಲೇ ನಮಗೆ ನೆನಪಾಗೋದು ಕಂಪನಿಯ ಅಧ್ಯಕ್ಷ ವಾರೆನ್ ಆಂಡರ್ಸನ್, ಕೋರ್ಟು, ಪರಿಹಾರದ ದುಡ್ಡು. ಅದೆಲ್ಲ ಬೇಕಾದ ಕಥೆಯೇ. ಆದರೆ ಇವತ್ತು ನಾನು ಕೇಳ್ತಿರೋದು ಅದಕ್ಕಿಂತ ಸಣ್ಣ ಪ್ರಶ್ನೆ. ಒಂದು ಕಾರ್ಖಾನೆಗೆ ಮೆಂಟೆನೆನ್ಸ್ ಕೆಲಸಕ್ಕೆ ಹೊಸಬನೊಬ್ಬ ಬಂದ. ಕೈಗೆ ಸ್ಪ್ಯಾನರ್ ಕೊಟ್ಟಿದ್ದೀರಿ, ತಲೆಗೆ ಹೆಲ್ಮೆಟ್ ಕೊಟ್ಟಿದ್ದೀರಿ. ಅವನಿಗೆ ಏನನ್ನು ಕಲಿಸಬೇಕು? ಎಷ್ಟು ದಿನ ಕಲಿಸಬೇಕು? ಇದಕ್ಕೆ ಸರಿಯಾದ ಉತ್ತರ 1984ಕ್ಕಿಂತ ಬಹಳ ಮೊದಲೇ ಸಿಕ್ಕಿತ್ತು ಅನ್ನೋದೇ ಬೇಜಾರಿನ ಸಂಗತಿ.

ಬಿಲ್ಲೆ ಅಂದರೆ ಏನು?

ಮೊದಲು ಒಂದು ವಸ್ತುವಿನ ಪರಿಚಯ. ಕಾರ್ಖಾನೆಯಲ್ಲಿ ಪೈಪ್‌ಗೆ ಪೈಪ್ ಜೋಡಿಸುವ ಕಡೆ ಎರಡೂ ತುದಿಗೆ ಬಳೆಯಂಥ ದಪ್ಪ ಅಂಚು ಇರುತ್ತೆ. ಅದು ಫ್ಲೇಂಜ್. ಎರಡು ಫ್ಲೇಂಜ್‌ಗಳನ್ನು ಎದುರುಬದುರು ಇಟ್ಟು ಸುತ್ತ ಬೋಲ್ಟ್ ಬಿಗೀತಾರೆ. ಈಗ ಈ ಪೈಪನ್ನು ತೊಳೀಬೇಕು, ಆದರೆ ಆ ನೀರು ಆಚೆ ಬದಿಯ ಟ್ಯಾಂಕಿಗೆ ಹೋಗಬಾರದು ಅಂದುಕೊಳ್ಳಿ. ವಾಲ್ವ್ ಮುಚ್ಚಿದರೆ ಸಾಲದೇ?

ಸಾಲದು. ವಾಲ್ವ್ ಸವೆಯುತ್ತೆ, ಅದರೊಳಗೆ ಕಸ ಕೂರುತ್ತೆ, ಹನಿಹನಿಯಾಗಿ ಸೋರುತ್ತೆ. ‘ಮುಚ್ಚಿದ ವಾಲ್ವನ್ನು ನಂಬಬೇಡ’ ಅನ್ನೋದು ಈ ಕಸುಬಿನಲ್ಲಿ ಹಳಬರೆಲ್ಲ ಹೇಳೋ ಮಾತು. ಅದಕ್ಕೇ ಬೋಲ್ಟ್ ಸಡಿಲಿಸಿ ಎರಡು ಫ್ಲೇಂಜ್ ನಡುವೆ ಒಂದು ಗಟ್ಟಿ ಲೋಹದ ಬಿಲ್ಲೆ ತೂರಿಸಿ ಮತ್ತೆ ಬಿಗೀತಾರೆ. ಇದಕ್ಕೆ ಸ್ಲಿಪ್ ಬ್ಲೈಂಡ್ ಅಂತಾರೆ. ಬಿಲ್ಲೆ ಇದ್ದರೆ ದಾರಿ ಬಂದ್, ಅಷ್ಟೇ. ಅದನ್ನು ಹಾಕೋದು, ಕೆಲಸ ಮುಗಿದ ಮೇಲೆ ತೆಗೆಯೋದು ಮೆಂಟೆನೆನ್ಸ್‌ನವರ ಜವಾಬ್ದಾರಿ. ನಮ್ಮ ಕಥೆಯ ಎರಡು ರಾತ್ರಿಗಳೂ ಇಂಥ ಒಂದೊಂದು ಬಿಲ್ಲೆಯ ಸುತ್ತ ನಡೆದವು.

ಗಂಟು ಕಟ್ಟೋದನ್ನು ಕಲಿಸಿದವರು

ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಅಮೆರಿಕಕ್ಕೆ ಏಕಾಏಕಿ ನೂರಾರು ಹಡಗುಗಳು ಬೇಕಾದವು. ಹಡಗು ಕಟ್ಟೋದು ಗೊತ್ತಿದ್ದವರು ಕೈಬೆರಳೆಣಿಕೆಯ ಊರುಗಳಲ್ಲಿ ಇದ್ದರು. ಹೊಸಬರಿಗೆ ಬೇಗ ಕೆಲಸ ಕಲಿಸಬೇಕಿತ್ತು. ಆ ಜವಾಬ್ದಾರಿ ಹೊತ್ತವರಲ್ಲಿ ಒಬ್ಬರು ಚಾರ್ಲ್ಸ್ ಆರ್. ಅಲೆನ್, ವೃತ್ತಿ ಶಿಕ್ಷಣದಲ್ಲಿ ಕೈ ಪಳಗಿದ ಮೇಷ್ಟ್ರು. ಅವರು ಹೇಳಿದ್ದು ನಾಲ್ಕೇ ಹೆಜ್ಜೆ. ಮೊದಲು ಕಲಿಯುವವನನ್ನು ಸಿದ್ಧ ಮಾಡು, ಆಮೇಲೆ ಕೆಲಸ ತೋರಿಸು, ಅವನ ಕೈಯಲ್ಲಿ ಮಾಡಿಸು, ಕೊನೆಗೆ ಅವನೊಬ್ಬನೇ ಮಾಡಬಲ್ಲನೇ ಅಂತ ಪರೀಕ್ಷಿಸು. 1919ರಲ್ಲಿ ಇದನ್ನೇ ಪುಸ್ತಕವನ್ನಾಗಿ ಬರೆದರು.

ಎರಡನೇ ಮಹಾಯುದ್ಧದಲ್ಲಿ ಅದೇ ಸಮಸ್ಯೆ ಇನ್ನೂ ದೊಡ್ಡದಾಗಿ ಬಂತು. 1940ರಲ್ಲಿ ಅಮೆರಿಕ ಸರ್ಕಾರ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಅನ್ನೋ ಸೇವೆ ಶುರು ಮಾಡಿತು, ಚುಟುಕಾಗಿ ಟಿಡಬ್ಲ್ಯುಐ. ಅಲೆನ್ ಅವರ ನಾಲ್ಕು ಹೆಜ್ಜೆಯನ್ನೇ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಒಂದು ಕಾರ್ಡಿಗೆ ಇಳಿಸಿದರು. ಸೂಪರ್‌ವೈಸರ್‌ಗಳಿಗೆ ಒಟ್ಟು 10 ಗಂಟೆಯ ತರಬೇತಿ. ಯುದ್ಧ ಮುಗಿಯುವಷ್ಟರಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಇದರ ಸರ್ಟಿಫಿಕೇಟ್ ಪಡೆದಿದ್ದರು.

ಆ ತರಬೇತಿಯಲ್ಲಿ ಒಂದು ಪ್ರಯೋಗ ಇತ್ತು. ನನಗೆ ಬಹಳ ಇಷ್ಟ ಅದು. ಎಲೆಕ್ಟ್ರಿಕ್ ವೈರಿಗೆ ಹಾಕುವ ಒಂದು ಬಗೆಯ ಗಂಟಿದೆ. ತರಬೇತಿ ಕೊಡುವವರು ಮೊದಲು ಅದನ್ನು ಕಟ್ಟೋದು ಹೇಗೆ ಅಂತ ಬರೀ ಬಾಯಲ್ಲಿ ಹೇಳ್ತಾರೆ, ಎದುರಿಗಿದ್ದವರನ್ನು ಕರೆದು ಕಟ್ಟು ಅಂತಾರೆ. ಆಗೋದಿಲ್ಲ. ಆಮೇಲೆ ಮಾತಿಲ್ಲದೆ ಬರೀ ಕಟ್ಟಿ ತೋರಿಸ್ತಾರೆ. ಆಗಲೂ ಆಗೋದಿಲ್ಲ. ಮೂರನೇ ಸಲ ಒಂದೊಂದೇ ಹಂತ ತೋರಿಸಿ, ಯಾವ ಜಾಗದಲ್ಲಿ ಎಚ್ಚರ ತಪ್ಪಬಾರದು ಅನ್ನೋದನ್ನು ಒತ್ತಿ ಹೇಳಿ, ಅವರ ಕೈಯಲ್ಲೇ ಕಟ್ಟಿಸಿ, ಕಟ್ಟುತ್ತಾ ಕಟ್ಟುತ್ತಾ ವಿವರಿಸು ಅಂತಾರೆ. ಆಗ ಬರುತ್ತೆ. ಹತ್ತು ನಿಮಿಷದ ಆಟ. ಹೇಳಿದೆ ಅಂದ ಮಾತ್ರಕ್ಕೆ ಕಲಿಸಿದ ಹಾಗಾಗಲಿಲ್ಲ, ತೋರಿಸಿದರೂ ಕಲಿಸಿದ ಹಾಗಾಗಲಿಲ್ಲ ಅನ್ನೋದು ಸೂಪರ್‌ವೈಸರ್‌ಗಳಿಗೆ ನಾಟುತ್ತಿತ್ತು. ಕಲಿಯುವವನಿಗೆ ಬರಲಿಲ್ಲ ಅಂದರೆ ಕಲಿಸುವವನು ಕಲಿಸಲಿಲ್ಲ ಅಂತಲೇ ಲೆಕ್ಕ, ಇದು ಆ ಪದ್ಧತಿಯ ಮೂಲಮಂತ್ರ.

‘ಎಚ್ಚರ ತಪ್ಪಬಾರದ ಜಾಗ’ ಅಂದೆನಲ್ಲ, ಅದಕ್ಕೆ ಅವರು ಕೀ ಪಾಯಿಂಟ್ ಅನ್ನುತ್ತಿದ್ದರು. ಯಾವುದು ತಪ್ಪಿದರೆ ಕೆಲಸ ಕೆಡುತ್ತೋ, ಕೆಲಸಗಾರನಿಗೆ ಪೆಟ್ಟಾಗುತ್ತೋ, ಅದು ಕೀ ಪಾಯಿಂಟ್. ಯುದ್ಧದ ನಂತರ ಈ ಪದ್ಧತಿ ಜಪಾನಿಗೆ ಹೋಯಿತು, ಟೊಯೋಟಾದಂಥ ಕಂಪನಿಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡವು. 1950ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೂಲಕ ಭಾರತಕ್ಕೂ ಬಂತು. 1961ರಲ್ಲಿ ನಮ್ಮಲ್ಲಿ ಅಪ್ರೆಂಟಿಸ್ ಕಾಯ್ದೆಯೂ ಆಯಿತು. ಅಂದರೆ ಭೋಪಾಲ್ ಕಾರ್ಖಾನೆ ಶುರುವಾಗುವ ಹೊತ್ತಿಗೆ, ಹೊಸಬನಿಗೆ ಕೆಲಸ ಹೇಗೆ ಕಲಿಸಬೇಕು ಅನ್ನೋದು ಜಗತ್ತಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ.

ಚೆನ್ನಾಗಿಯೇ ಶುರುವಾಗಿತ್ತು

ಭೋಪಾಲ್‌ನಲ್ಲಿ ತಯಾರಾಗುತ್ತಿದ್ದದ್ದು ಸೆವಿನ್ ಅನ್ನೋ ಕೀಟನಾಶಕ. ಅದಕ್ಕೆ ಬೇಕಾದ ಕಚ್ಚಾ ವಸ್ತು ಮಿಥೈಲ್ ಐಸೋಸಯನೇಟ್, ಎಲ್ಲರೂ ಮಿಕ್ ಅಂತ ಕರೆಯೋದು. ಮೊದಲು ಅದನ್ನು ಅಮೆರಿಕದಿಂದ ತರಿಸುತ್ತಿದ್ದರು, 1980ರಿಂದ ಅಲ್ಲೇ ತಯಾರಿಸತೊಡಗಿದರು. ಈ ಮಿಕ್ ಬಲು ಮುಂಗೋಪಿ. ಸುಮಾರು 39 ಡಿಗ್ರಿಗೇ ಕುದಿಯುತ್ತೆ. ನೀರು ತಾಗಿದರೆ ಕಾವೇರುತ್ತಾ ಹೋಗುತ್ತೆ. ಅದಕ್ಕೇ ಅದನ್ನು ಶೂನ್ಯದ ಹತ್ತಿರ ತಣ್ಣಗಿಡಬೇಕು, ನೀರು ಸೋಕಲೇಬಾರದು.

ಶುರುವಿನಲ್ಲಿ ಕಂಪನಿ ಕಲಿಸುವುದರಲ್ಲಿ ಜಿಪುಣತನ ಮಾಡಲಿಲ್ಲ. ಮಿಕ್ ಘಟಕಕ್ಕೆ ತೆಗೆದುಕೊಂಡದ್ದು ವಿಜ್ಞಾನ ಪದವೀಧರರನ್ನು, ಡಿಪ್ಲೊಮಾ ಆದವರನ್ನು. ತಿಂಗಳುಗಟ್ಟಲೆ ತರಗತಿ, ಆಮೇಲೆ ಹಳಬರ ಜೊತೆ ಘಟಕದಲ್ಲಿ ಕೆಲಸ. ಕೆಲವರನ್ನು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿದ್ದ ಇದೇ ಬಗೆಯ ಕಾರ್ಖಾನೆಗೂ ಕಳಿಸಿದ್ದರು.

ಆದರೆ ಸೆವಿನ್ ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಕಾರ್ಖಾನೆ ನಷ್ಟಕ್ಕೆ ಬಿತ್ತು. ಖರ್ಚು ಕಡಿಮೆ ಮಾಡಿ ಅಂತ ಮೇಲಿಂದ ಒತ್ತಡ ಬಂತು. ನಷ್ಟದ ಕಂಪನಿಯಲ್ಲಿ ಮೊದಲು ಕತ್ತರಿ ಬೀಳೋದು ಎಲ್ಲಿಗೆ ಅಂತ ನಮಗೆಲ್ಲ ಗೊತ್ತಲ್ಲ? ಇವತ್ತು ನಿಲ್ಲಿಸಿದರೆ ಇವತ್ತೇ ಏನೂ ಕೆಡದಂಥ ಬಾಬ್ತುಗಳಿಗೆ. ಮೆಂಟೆನೆನ್ಸ್ ಅಂಥದ್ದು, ತರಬೇತಿಯಂತೂ ಹೌದೇ ಹೌದು.

ಒಳ್ಳೆ ಅನುಭವ ಇದ್ದವರು ಬೇರೆ ಕಡೆ ಕೆಲಸ ನೋಡಿಕೊಂಡು ಹೋದರು. ಅವರ ಜಾಗಕ್ಕೆ ಬೇರೆ ಘಟಕಗಳಿಂದ ಜನರನ್ನು ತಂದು ಹಾಕಿದರು. ದುರಂತದ ಮಾರನೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟಗಳ ತಂಡ ಭೋಪಾಲ್‌ಗೆ ಬಂದು ಕೆಲಸಗಾರರನ್ನು ಮಾತಾಡಿಸಿ ವರದಿ ಕೊಟ್ಟಿತು. ಮಿಕ್ ಘಟಕದಲ್ಲಿ ಪ್ರತಿ ಶಿಫ್ಟಿಗೆ 12 ಜನ ಇದ್ದದ್ದು 6ಕ್ಕೆ ಇಳಿದಿತ್ತು, ಮೆಂಟೆನೆನ್ಸ್ ತಂಡದಲ್ಲಿ 6 ಜನ ಇದ್ದದ್ದು 2ಕ್ಕೆ. ಘಟಕದ ಕೈಪಿಡಿಗಳು ಇದ್ದದ್ದು ಇಂಗ್ಲಿಷಿನಲ್ಲಿ. ಅದನ್ನು ಸಲೀಸಾಗಿ ಓದಬಲ್ಲವರು ಕೆಲವರು ಮಾತ್ರ.

ಎಚ್ಚರಿಕೆ ಸಿಗಲಿಲ್ಲವೇ ಅಂದರೆ, ಸಿಕ್ಕಿತ್ತು. 1981ರ ಡಿಸೆಂಬರ್‌ನಲ್ಲಿ ರಿಪೇರಿ ಕೆಲಸ ಮಾಡುತ್ತಿದ್ದ ಒಬ್ಬ ಕೆಲಸಗಾರರ ಮೇಲೆ ಫಾಸ್ಜೀನ್ ಚಿಮ್ಮಿತು. ಗಾಬರಿಯಲ್ಲಿ ಅವರು ಮಾಸ್ಕ್ ಕಿತ್ತುಹಾಕಿದರು. ಅನಿಲ ಶ್ವಾಸಕೋಶಕ್ಕೆ ಹೋಯಿತು, ಅವರು ಉಳಿಯಲಿಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಿ. ‘ಮಾಸ್ಕ್ ಹಾಕು’ ಅನ್ನೋದು ಒಂದು ಸೂಚನೆ. ‘ಬಟ್ಟೆ ಮೇಲೆ ಚೆಲ್ಲಿದರೂ ಮಾಸ್ಕ್ ಮಾತ್ರ ತೆಗೆಯಬೇಡ, ಯಾಕಂದರೆ ಬಟ್ಟೆ ಮೇಲಿನದ್ದೇ ಅನಿಲ ಆಗಿ ಮೂಗಿಗೆ ಬರುತ್ತೆ’ ಅನ್ನೋದು ಕಲಿಕೆ. ಗಾಬರಿಯ ಹೊತ್ತಲ್ಲಿ ನೆನಪಿಗೆ ಬರೋದು ಎರಡನೆಯದ್ದು, ಅದೂ ನಾಲ್ಕಾರು ಸಲ ಮಾಡಿಸಿ ಮೈಗೂಡಿಸಿದ್ದರೆ ಮಾತ್ರ.

1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯಿಂದಲೇ ಒಂದು ಸುರಕ್ಷತಾ ತಂಡ ಬಂದು ಕಾರ್ಖಾನೆ ನೋಡಿತು. ಕೆಲಸಗಾರರು ಬೇಗ ಬೇಗ ಬದಲಾಗುತ್ತಿದ್ದಾರೆ ಅಂತ ಬರೆಯಿತು. ಕಲಿಸುತ್ತಿರುವುದು ಬಾಯಿಪಾಠದ ರೀತಿಯಲ್ಲಿ, ಆ ಕ್ರಮ ಯಾಕಿದೆ ಅನ್ನೋ ತಿಳುವಳಿಕೆ ಇಲ್ಲದೇ ಜನರನ್ನು ಕೆಲಸಕ್ಕೆ ಬಿಡಲಾಗುತ್ತಿದೆ ಅನ್ನೋ ಕಳವಳವೂ ಆ ವರದಿಯಲ್ಲಿತ್ತು. ಅದೇ ವರ್ಷ ಭೋಪಾಲ್‌ನ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಊರಿಗೇ ಅಪಾಯ ಕಾದಿದೆ ಅಂತ ತಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆದರು. ಕೇಳುವವರು ಇರಲಿಲ್ಲ.

ಮೊದಲ ರಾತ್ರಿ

ಈಗ 1984ರ ಡಿಸೆಂಬರ್ 2, ಭಾನುವಾರ. ರಾತ್ರಿ ಒಂಬತ್ತರ ಆಸುಪಾಸು. ಮಿಕ್ ಟ್ಯಾಂಕುಗಳಿಗೆ ಸಂಪರ್ಕ ಇರುವ ಪೈಪುಗಳ ಒಂದು ಭಾಗವನ್ನು ನೀರಿನಿಂದ ತೊಳೆಯಲು ಒಬ್ಬ ಆಪರೇಟರ್‌ಗೆ ಹೇಳಿದರು. ಅವರು ವಾಲ್ವ್ ಮುಚ್ಚಿ ನೀರು ಬಿಟ್ಟರು. ಬಿಲ್ಲೆ ಹಾಕಿರಲಿಲ್ಲ.

ಯಾಕೆ ಹಾಕಿರಲಿಲ್ಲ? ಬಿಲ್ಲೆ ಹಾಕೋದು ಮೆಂಟೆನೆನ್ಸ್ ವಿಭಾಗದ ಕೆಲಸ. ಆ ಶಿಫ್ಟಿನ ಮೆಂಟೆನೆನ್ಸ್ ಸೂಪರ್‌ವೈಸರ್ ಹುದ್ದೆಯನ್ನು ಕೆಲವೇ ದಿನಗಳ ಹಿಂದೆ ರದ್ದು ಮಾಡಿದ್ದರು. ಅವರ ಜವಾಬ್ದಾರಿ ಉತ್ಪಾದನಾ ಸೂಪರ್‌ವೈಸರ್ ಹೆಗಲಿಗೆ ಬಂದಿತ್ತು. ಆ ಹೊತ್ತಲ್ಲಿ ಆ ಜಾಗದಲ್ಲಿದ್ದವರು ಕಂಪನಿಯ ಬ್ಯಾಟರಿ ಕಾರ್ಖಾನೆಯಿಂದ ಇತ್ತೀಚೆಗಷ್ಟೇ ವರ್ಗವಾಗಿ ಬಂದವರು. ತೊಳೆಯುತ್ತಿದ್ದ ಆಪರೇಟರ್‌ಗೆ ವಾಲ್ವ್‌ಗಳು ಸೋರುತ್ತವೆ ಅಂತ ಗೊತ್ತಿತ್ತು. ಅದನ್ನು ಪರೀಕ್ಷಿಸೋದು ತಮ್ಮ ಕೆಲಸವಲ್ಲ ಅಂತ ಅವರು ಆಮೇಲೆ ಪತ್ರಕರ್ತರಿಗೆ ಹೇಳಿದರು. ಓದಿದ ಕೂಡಲೇ ಸಿಟ್ಟು ಬರುತ್ತೆ, ಅಲ್ವಾ? ಆದರೆ ಯೋಚನೆ ಮಾಡಿ. ಅವರಿಗೆ ಕಲಿಸಿದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಬಿಲ್ಲೆ ಅವರ ಕೆಲಸ ಆಗಿರಲಿಲ್ಲ. ಯಾರ ಕೆಲಸವಾಗಿತ್ತೋ ಆ ಹುದ್ದೆಯೇ ಇರಲಿಲ್ಲ.

ಒಂದು ಕಡೆಯಿಂದ ನೀರು ಹೋಗುತ್ತಿತ್ತು, ಇನ್ನೊಂದು ಕಡೆ ಬರಬೇಕಾದಷ್ಟು ಹೊರಗೆ ಬರುತ್ತಿರಲಿಲ್ಲ. ಕೆಲಸಗಾರರ ವಿವರಣೆಯ ಪ್ರಕಾರ ಆ ನೀರು ಪೈಪುಗಳ ಜಾಲದಲ್ಲಿ ಹಿಂದೆ ಸರಿದು, ಅದೇ ವರ್ಷ ಎರಡು ಲೈನುಗಳ ನಡುವೆ ಹೊಸದಾಗಿ ಹಾಕಿದ್ದ ಒಂದು ಅಡ್ಡಪೈಪಿನ ಮೂಲಕ ಇ-610 ಅನ್ನೋ ಟ್ಯಾಂಕಿಗೆ ಇಳಿಯಿತು. ಅದರಲ್ಲಿ 40 ಟನ್ನಿಗೂ ಹೆಚ್ಚು ಮಿಕ್ ಇತ್ತು.

ರಾತ್ರಿ 10.45ಕ್ಕೆ ಶಿಫ್ಟ್ ಬದಲಾಯಿತು. ಸ್ವಲ್ಪ ಮೊದಲು ಟ್ಯಾಂಕಿನ ಒತ್ತಡ 2 ಪಿಎಸ್‌ಐ ಇತ್ತು. 11 ಗಂಟೆಗೆ ಹೊಸ ಶಿಫ್ಟಿನವರು ನೋಡಿದಾಗ 10. ಮಾಮೂಲಾಗಿ 2ರಿಂದ 25ರವರೆಗೆ ಇರಬಹುದು ಅನ್ನೋದು ಅವರಿಗೆ ಗೊತ್ತಿತ್ತು. ಹಾಗಾಗಿ 10 ಸರಿಯಾಗೇ ಕಂಡಿತು. ಒಂದು ಗಂಟೆಯೊಳಗೆ ಐದು ಪಟ್ಟು ಏರಿದೆ ಅನ್ನೋದು ಅವರಿಗೆ ತಿಳಿದಿರಲಿಲ್ಲ. ಇಲ್ಲಿ ಆನ್-ಕಾಲ್ ಮಾಡುವ ನಮ್ಮವರಿಗೆ ಎದೆ ಝಲ್ ಅನ್ನಬೇಕು. ಅಂಕಿ ಹಸಿರು ಬಣ್ಣದಲ್ಲೇ ಇದೆ, ಆದರೆ ಗ್ರಾಫ್ ಗುಡ್ಡ ಹತ್ತುತ್ತಿದೆ. ಬೇಸಿಗೆಯಲ್ಲೇ ಎರಡು ಗಂಟೆಗೊಂದು ಸಲ ರೀಡಿಂಗ್ ಬರೆದರೆ ಸಾಕು ಅಂತ ಮಾಡಿದ್ದರಂತೆ ಅಂತಲ್ಲ, ಮೊದಲು ಗಂಟೆಗೊಮ್ಮೆ ಬರೆಯುತ್ತಿದ್ದ ಕ್ರಮವನ್ನು ಎರಡು ಗಂಟೆಗೊಮ್ಮೆ ಅಂತ ಸಡಿಲಿಸಿದ್ದರು ಅನ್ನೋದು ಕೆಲಸಗಾರರ ಹೇಳಿಕೆಯಲ್ಲಿದೆ. ಗೇಜುಗಳೇ ಆಗಾಗ ತಪ್ಪು ತೋರಿಸುತ್ತಿದ್ದ ಕಾರಣ ಅಂಕಿಗಳನ್ನು ನಂಬುವ ಅಭ್ಯಾಸವೂ ಹೋಗಿತ್ತು.

11.30ರ ಹೊತ್ತಿಗೆ ಕಣ್ಣುರಿ ಶುರುವಾಯಿತು. ಎಲ್ಲೋ ಸಣ್ಣ ಸೋರಿಕೆ, ಟೀ ಆದ ಮೇಲೆ ನೋಡೋಣ ಅಂದರು. ಸಣ್ಣಪುಟ್ಟ ಸೋರಿಕೆ ಅಲ್ಲಿ ದಿನಾ ಇದ್ದದ್ದೇ. ಟೀ ಮುಗಿಯುವ ವೇಳೆಗೆ ಗೇಜಿನ ಮುಳ್ಳು 55 ಪಿಎಸ್‌ಐ ದಾಟಿ ಕೊನೆ ಮುಟ್ಟಿತ್ತು. ಟ್ಯಾಂಕಿನ ಮೇಲಿನ ಕಾಂಕ್ರೀಟ್ ಬಿರುಕು ಬಿಡುತ್ತಿತ್ತು.

ತಡೆಯಲು ಏನೇನಿತ್ತು? ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ಜೂನ್‌ನಲ್ಲೇ ನಿಲ್ಲಿಸಿದ್ದರು. ಅನಿಲವನ್ನು ತೊಳೆಯುವ ಸ್ಕ್ರಬ್ಬರ್ ಚಾಲೂ ಇರಲಿಲ್ಲ. ಅನಿಲವನ್ನು ಸುಟ್ಟುಹಾಕುವ ಫ್ಲೇರ್ ಟವರ್‌ನ ತುಕ್ಕು ಹಿಡಿದ ಒಂದು ತುಂಡು ಪೈಪನ್ನು ಬದಲಿಸಲು ಬಿಚ್ಚಿಟ್ಟಿದ್ದರು, ಹಾಗೇ ಬಿದ್ದಿತ್ತು. ಸುಮಾರು 40 ಟನ್ ಅನಿಲ ಎರಡು ಗಂಟೆಯೊಳಗೆ ಮಲಗಿದ್ದ ಊರಿನ ಮೇಲೆ ಇಳಿಯಿತು. ಸರ್ಕಾರ ಮೊದಲು ಕೊಟ್ಟ ಸಾವಿನ ಲೆಕ್ಕ 2,259, ಆಮೇಲೆ 3,787. ಸಂತ್ರಸ್ತರ ಸಂಘಟನೆಗಳ ಲೆಕ್ಕ ಇದರ ಎಷ್ಟೋ ಪಟ್ಟು. ಐದು ಲಕ್ಷಕ್ಕೂ ಹೆಚ್ಚು ಜನ ಒಂದಲ್ಲ ಒಂದು ರೀತಿ ಗಾಯಗೊಂಡರು ಅಂತ ಸರ್ಕಾರವೇ ಒಪ್ಪಿದೆ.

ಕಂಪನಿಯ ವಾದವನ್ನೂ ಹೇಳಬೇಕು. ಪೈಪ್ ತೊಳೆದದ್ದರಿಂದ ನೀರು ಹೋಗಲಿಲ್ಲ, ಅಸಮಾಧಾನಗೊಂಡ ಒಬ್ಬ ಕೆಲಸಗಾರ ಬೇಕಂತಲೇ ಟ್ಯಾಂಕಿಗೆ ಹೋಸ್ ಸಿಕ್ಕಿಸಿ ನೀರು ಬಿಟ್ಟ ಅನ್ನೋದು ಅವರ ವಾದ. ಕೆಲಸಗಾರರು ಇದನ್ನು ಒಪ್ಪಿಲ್ಲ. ಒಂದು ವೇಳೆ ಅದೇ ನಿಜ ಅಂತಲೇ ಇಟ್ಟುಕೊಳ್ಳಿ. ನಿಂತುಹೋದ ಶೀತಲ ಯಂತ್ರ, ಬಿಚ್ಚಿಟ್ಟ ಫ್ಲೇರ್ ಪೈಪ್, ನಂಬಿಕೆ ಕಳೆದುಕೊಂಡ ಗೇಜು, ಮೂರನೇ ಒಂದು ಭಾಗಕ್ಕೆ ಇಳಿದ ಮೆಂಟೆನೆನ್ಸ್ ತಂಡ, ಇವನ್ನೆಲ್ಲ ಆ ಒಬ್ಬ ಮಾಡಿದನೇ? ತಪ್ಪನ್ನು ಒಬ್ಬನ ತಲೆಗೆ ಕಟ್ಟಿದರೆ ಕಲಿಸದೇ ಬಿಟ್ಟವರ ಲೆಕ್ಕ ಯಾರೂ ಕೇಳೋದಿಲ್ಲ.

ಎರಡನೇ ರಾತ್ರಿ

ಇದೆಲ್ಲ ನಮ್ಮ ದೇಶದಲ್ಲಿ ಆಗೋದು, ಹೊರಗಡೆ ಹೀಗಿರಲ್ಲ ಅನ್ನೋ ಮಾತು ಕಮೆಂಟುಗಳಲ್ಲಿ ಬಂದೇ ಬರುತ್ತೆ. ಅದಕ್ಕೇ ಎರಡನೇ ರಾತ್ರಿ. ಭೋಪಾಲ್ ಆಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. 1988ರ ಜುಲೈ 6, ಸ್ಕಾಟ್ಲೆಂಡ್ ಬಳಿಯ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನೋ ತೈಲ ವೇದಿಕೆ. ಎಲ್ಲರೂ ಇಂಗ್ಲಿಷ್ ಓದಬಲ್ಲವರು, ಪ್ರತಿ ರಿಪೇರಿಗೂ ಲಿಖಿತ ಪರ್ಮಿಟ್ ಬೇಕು ಅನ್ನೋ ಪದ್ಧತಿ ಬೇರೆ.

ಹಗಲು ಶಿಫ್ಟಿನಲ್ಲಿ ಒಂದು ಪಂಪಿನ ಸೇಫ್ಟಿ ವಾಲ್ವನ್ನು ಪರೀಕ್ಷೆಗೆ ಬಿಚ್ಚಿದರು. ಸಂಜೆ ಆದರೂ ಕೆಲಸ ಮುಗಿಯಲಿಲ್ಲ. ವಾಲ್ವ್ ಇದ್ದ ಜಾಗಕ್ಕೆ ಒಂದು ಬಿಲ್ಲೆ ಮುಚ್ಚಿದರು. ಹೌದು, ಮತ್ತೆ ಅದೇ ಬಿಲ್ಲೆ. ಒತ್ತಡ ತಡೆಯುವಷ್ಟು ಅದನ್ನು ಬಿಗಿದಿರಲಿಲ್ಲ. ಗುತ್ತಿಗೆ ಕಂಪನಿಯ ಸೂಪರ್‌ವೈಸರ್ ಪರ್ಮಿಟ್ ಹಿಂದಿರುಗಿಸಿ ಹೋದರು, ಆದರೆ ವಾಲ್ವ್ ಜಾಗದಲ್ಲಿಲ್ಲ ಅನ್ನೋ ಮಾತು ರಾತ್ರಿಯವರಿಗೆ ಮುಟ್ಟಲಿಲ್ಲ. ವಿಚಾರಣೆಯಲ್ಲಿ ಗೊತ್ತಾದದ್ದೇನು ಅಂದರೆ, ಆ ವೇದಿಕೆಯಲ್ಲಿ ಸೂಪರ್‌ವೈಸರ್ ಆಗಿ ಅವರಿಗೆ ಅದೇ ಮೊದಲ ಸಲ, ಪರ್ಮಿಟ್ ಪದ್ಧತಿಯ ಬಗ್ಗೆ ಕ್ರಮಬದ್ಧ ತರಬೇತಿಯೇ ಆಗಿರಲಿಲ್ಲ. ನೋಡಿ ನೋಡಿ ಕಲಿತುಕೊಳ್ಳಲಿ ಅಂತ ಬಿಟ್ಟಿದ್ದರು.

ರಾತ್ರಿ 9.45ರ ಹೊತ್ತಿಗೆ ಇನ್ನೊಂದು ಪಂಪ್ ನಿಂತಿತು. ರಾತ್ರಿ ಶಿಫ್ಟಿನವರು ಮೊದಲ ಪಂಪಿನ ಕಾಗದ ಹುಡುಕಿದರು. ಸಿಕ್ಕಿದ್ದು ಇನ್ನೂ ಶುರುವಾಗದ ಬೇರೊಂದು ರಿಪೇರಿಯ ಪರ್ಮಿಟ್. ವಾಲ್ವಿನ ಪರ್ಮಿಟ್ ಬೇರೆ ಕಡೆ ಇತ್ತು. ಪಂಪ್ ಚಾಲೂ ಮಾಡಿದರು. ಹತ್ತು ಗಂಟೆಗೆ ಸ್ಫೋಟ. ವೇದಿಕೆಯಲ್ಲಿದ್ದ 226 ಜನರಲ್ಲಿ ಉಳಿದವರು 61. ರಕ್ಷಣೆಗೆ ಹೋದ ಇಬ್ಬರೂ ಸೇರಿ ಸತ್ತವರು 167.

ಒಂದು ಕಡೆ ಬಿಲ್ಲೆ ಹಾಕಲಿಲ್ಲ, ಇನ್ನೊಂದು ಕಡೆ ಹಾಕಿದ ಬಿಲ್ಲೆಯ ಸುದ್ದಿ ಯಾರಿಗೂ ಹೇಳಲಿಲ್ಲ. ಎರಡೂ ಕಡೆ ನಿಯಮ ಕಾಗದದಲ್ಲಿತ್ತು. ಎರಡೂ ಕಡೆ ಆ ನಿಯಮ ಯಾಕಿದೆ ಅನ್ನೋದು ಬೇಕಾದವರ ತಲೆಯಲ್ಲಿ ಇರಲಿಲ್ಲ.

ಕಾನೂನಿಗೆ ಬಂದ ‘ಯಾಕೆ’

ಸತ್ತವರ ಹೆಸರಲ್ಲಿ ಒಂದಷ್ಟು ಬದಲಾವಣೆ ಆಯಿತು. ನಮ್ಮಲ್ಲಿ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ಅಪಾಯದ ಕೆಲಸ ನಡೆಸುವ ಕಾರ್ಖಾನೆ ಆ ಅಪಾಯ ಏನು ಅಂತ ಕೆಲಸಗಾರರಿಗೂ ಸುತ್ತಲಿನ ಜನರಿಗೂ ಮುಂಚೆಯೇ ತಿಳಿಸಬೇಕು ಅಂತಾಯಿತು. ಅಪಾಯ ಕಂಡರೆ ಎಚ್ಚರಿಸುವುದು ಕೆಲಸಗಾರನ ಹಕ್ಕು ಅಂತಾಯಿತು. ತರಬೇತಿ ಪಡೆಯೋದೂ ಅವನ ಹಕ್ಕು ಅಂತ ಬರೆದರು. ಗಮನಿಸಿ, ಕಂಪನಿ ಕೃಪೆಯಿಂದ ಕೊಡೋದಲ್ಲ, ಕೆಲಸಗಾರ ಕೇಳಿ ಪಡೆಯೋದು.

ಅಮೆರಿಕದಲ್ಲಿ 1992ರಲ್ಲಿ ಅಪಾಯಕಾರಿ ರಾಸಾಯನಿಕಗಳ ಕಾರ್ಖಾನೆಗಳಿಗೆ ಹೊಸ ನಿಯಮ ಬಂತು. ಅದರಲ್ಲಿ ಮೆಂಟೆನೆನ್ಸ್ ಕೆಲಸಗಾರರಿಗೆಂದೇ ಒಂದು ಸಣ್ಣ ಕಲಂ ಇದೆ. ಯಂತ್ರ ರಿಪೇರಿ ಮಾಡುವವನಿಗೆ ರಿಪೇರಿ ವಿಧಾನ ಕಲಿಸಿದರೆ ಸಾಲದು, ಆ ಯಂತ್ರದಲ್ಲಿ ಏನು ನಡೆಯುತ್ತೆ, ಅದರ ಅಪಾಯ ಏನು ಅನ್ನೋದನ್ನೂ ಕಲಿಸಬೇಕು. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಸಾರ ಈ ಒಂದು ಕಲಂ. ಫಿಟ್ಟರ್‌ಗೆ ಕೆಮಿಸ್ಟ್ರಿ ಯಾಕೆ ಬೇಕು ಅಂತ ಕೇಳುವ ಮ್ಯಾನೇಜರ್‌ಗೆ ಅದೇ ಉತ್ತರ. ಮಿಕ್‌ಗೆ ನೀರು ತಾಗಿದರೆ ಏನಾಗುತ್ತೆ ಅನ್ನೋದು ಮನಸ್ಸಿಗೆ ಇಳಿದಿರುವ ಮನುಷ್ಯನಿಗೆ ಬಿಲ್ಲೆ ಇಲ್ಲದೆ ನೀರು ಬಿಡೋಕೆ ಕೈ ಬರೋದಿಲ್ಲ, ಅದು ಅವನ ಕೆಲಸ ಆಗಿರಲಿ, ಬಿಡಲಿ. ಕೆಲಸದ ಪಟ್ಟಿ ಹಂಚಿಹೋಗುತ್ತೆ, ಹುದ್ದೆ ರದ್ದಾಗುತ್ತೆ, ಕೈಪಿಡಿ ಕಪಾಟಿನಲ್ಲಿ ಉಳಿಯುತ್ತೆ. ‘ಯಾಕೆ’ ಅನ್ನೋದು ಮಾತ್ರ ಅವನ ಜೊತೆ ಶಿಫ್ಟಿಗೆ ಬರುತ್ತೆ.

ನಮಗೂ ಇದಕ್ಕೂ ಏನು?

ನಮ್ಮಲ್ಲಿ ಬಹುತೇಕರು ಲ್ಯಾಪ್‌ಟಾಪ್ ಮುಂದೆ ದುಡಿಯೋರು. ಎರಡು ವಾರದ ಕೆಟಿ ಕೊಟ್ಟು, ರನ್‌ಬುಕ್ ಲಿಂಕ್ ಕಳಿಸಿ ಹೊಸ ಹುಡುಗಿಯನ್ನು ಆನ್-ಕಾಲ್‌ಗೆ ಹಾಕೋದು ನಮಗೇನೂ ಹೊಸದಲ್ಲ. ನಮ್ಮ ಸರ್ವರ್ ಬಿದ್ದರೆ ಬಹುಶಃ ಯಾರೂ ಸಾಯೋದಿಲ್ಲ. ಹಾಗಾಗಿ ಭೋಪಾಲನ್ನು ನಮ್ಮ ಆಫೀಸಿನ ಕಥೆಗೆ ಹೋಲಿಸಿ ದೊಡ್ಡವರಾಗೋದು ಬೇಡ. ಆದರೂ ಮುಂದಿನ ಸಲ ಯಾರಿಗಾದರೂ ಕೆಲಸ ವಹಿಸುವಾಗ ಆ ಗಂಟಿನ ಪ್ರಯೋಗ ನೆನಪಿಸಿಕೊಳ್ಳಿ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ಎಲ್ಲರೂ ‘ಹ್ಞೂಂ’ ಅಂತಾರೆ. ‘ಈ ಸ್ಟೆಪ್ ಬಿಟ್ಟರೆ ಏನಾಗುತ್ತೆ, ನೀವೇ ಹೇಳಿ ನೋಡೋಣ’ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಕೆಟಿ ಇನ್ನೂ ಮುಗಿದಿಲ್ಲ.

ಇನ್ನೊಂದು ಮಾತು. ನಾವಿರುವ ಊರುಗಳ ಮಗ್ಗುಲಲ್ಲೇ ಕಾರ್ಖಾನೆಗಳಿವೆ. ಪುಣೆಯವರಿಗೆ ಚಾಕಣ್, ನವಿ ಮುಂಬೈಯವರಿಗೆ ಠಾಣೆ-ಬೇಲಾಪುರ ರಸ್ತೆ, ಹೈದರಾಬಾದಿನವರಿಗೆ ಪಟಾನ್‌ಚೆರು, ಚೆನ್ನೈಯವರಿಗೆ ಮನಲಿ. ಅಲ್ಲಿ ಗುತ್ತಿಗೆ ಮೇಲೆ ದುಡಿಯಲು ಹೊಸ ಹುಡುಗರು ದೂರದೂರದ ಊರುಗಳಿಂದ ಬರುತ್ತಾರೆ, ನಮ್ಮ ಹಾಗೆಯೇ ಬೇರೆ ಭಾಷೆಯ ನಾಡಿಗೆ. ಅವರಿಗೆ ಮೊದಲ ದಿನ ಹೇಳಿದ ಸುರಕ್ಷತೆಯ ಪಾಠ ಅವರಿಗೆ ತಿಳಿಯುವ ಭಾಷೆಯಲ್ಲಿತ್ತೇ? ನಿಮ್ಮಲ್ಲಿ ಯಾರಾದರೂ ಇಂಥ ಕಂಪನಿಗಳಿಗೆ ಟ್ರೈನಿಂಗ್ ಸಾಫ್ಟ್‌ವೇರ್, ಮೆಂಟೆನೆನ್ಸ್ ಆ್ಯಪ್ ಮಾಡಿಕೊಡುತ್ತಿದ್ದರೆ ಈ ಪ್ರಶ್ನೆಯನ್ನು ಮೀಟಿಂಗಿನಲ್ಲಿ ಎತ್ತಿ. ಒಂದು ಟಿಕ್ ಹಾಕುವ ಬಾಕ್ಸಿನ ಪಕ್ಕ ‘ಯಾಕೆ’ ಅಂತ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಕೊನೆಯದಾಗಿ, ಭೋಪಾಲ್‌ನಲ್ಲಿ ತರಬೇತಿ ಸಿಗದೇ ಹೋದದ್ದು ಕೆಲಸಗಾರರಿಗೆ ಮಾತ್ರ ಅಲ್ಲ. ಕಾರ್ಖಾನೆ ಗೋಡೆಯಾಚೆ ಗುಡಿಸಲುಗಳಲ್ಲಿ ಮಲಗಿದ್ದವರಿಗೂ ಯಾರೂ ಏನೂ ಹೇಳಿರಲಿಲ್ಲ. ಒಂದು ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡಿದ್ದರೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ನಡೆದಿದ್ದರೆ ಎಷ್ಟೋ ಜೀವ ಉಳಿಯಬಹುದಿತ್ತು. ಜನ ಗಾಳಿ ಹೋದ ದಿಕ್ಕಿಗೇ ಓಡಿದರು. ಓಡಿದಷ್ಟೂ ಏದುಸಿರು, ಏದುಸಿರು ಬಂದಷ್ಟೂ ವಿಷ ಒಳಗೆ. ಆ ಎರಡು ಮಾತು ಕಲಿಸಲು ಒಂದು ಮಧ್ಯಾಹ್ನ ಸಾಕಿತ್ತು.

ಮುಂದಿನ ಸಲ ಕರ್ನಾಟಕ ಎಕ್ಸ್‌ಪ್ರೆಸ್ ಭೋಪಾಲ್‌ನಲ್ಲಿ ನಿಂತಾಗ, ಟೀ ಕೈಯಲ್ಲಿ ಹಿಡಿದು ಆ ಮಧ್ಯಾಹ್ನವನ್ನು ಒಮ್ಮೆ ನೆನೆಯಿರಿ. ನಿಮ್ಮಲ್ಲಿ ಯಾರಾದರೂ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡಿದ್ದರೆ, ಅಥವಾ ನಿಮ್ಮ ಅಪ್ಪನೋ ಮಾವನೋ ಐಟಿಐ ಮುಗಿಸಿ ಫಿಟ್ಟರ್ ಆಗಿದ್ದರೆ, ಮೊದಲ ದಿನ ಅವರಿಗೆ ಯಾರು ಏನು ಕಲಿಸಿದರು ಅಂತ ಕೇಳಿ ಬರೆಯಿರಿ. ಇಂಥ ಕಥೆಗಳು ಹಳಬರ ಜೊತೆಗೇ ಹೋಗಿಬಿಡಬಾರದು.